ಮೂಸೆಯಿಂದ ಅಚ್ಚಿಗೆ

ಕೋಲಾರ ಚಿನ್ನದ ಗಣಿ ಸೀಮೆಯ ಪೆದ್ದಪಲ್ಲಿಯಲ್ಲಿ ಒಂದಿಷ್ಟು ಬಂಡೆಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿದ್ದಾರೆ. ಸುಮಾರು 270 ಕೋಟಿ ವರ್ಷಗಳ ಹಿಂದೆ ಈ ಸೀಮೆಯಲ್ಲಿ ಲಾವಾ ಹರಿದಿತ್ತು. ನೀರಿನಡಿ ನಿಧಾನವಾಗಿ ಉಕ್ಕಿದ್ದು ದಿಂಬುಗಳನ್ನು ಪೇರಿಸಿಟ್ಟ ಹಾಗೆ ಹೆಪ್ಪುಗಟ್ಟಿತು. ಅದಕ್ಕೇ ಅದಕ್ಕೆ ದಿಂಬು ಲಾವಾ ಎಂದು ಹೆಸರು. ಜ್ವಾಲಾಮುಖಿ ಸಿಡಿದಾಗ ಎಸೆದ ಚೂರುಗಳು ಬೂದಿಯ ಜತೆ ಬೆಸೆದು ಬೇರೆಯದೇ ಕಲ್ಲಾದವು. ಎರಡೂ ಕರಗಿದ ನೆಲದಿಂದಲೇ ಬಂದವು. ಆರಿದ ಬಗೆ ಬೇರೆಯಾದ್ದರಿಂದ ರೂಪವೂ ಬೇರೆಯಾಯಿತು.

ಲೋಹ ಕರಗಿಸಿ ಎರಕ ಹೊಯ್ಯುವ ಹವ್ಯಾಸಕ್ಕೆ ಕೈಹಾಕುವವರ ಗಮನವೆಲ್ಲ ಮೊದಲು ಬೆಂಕಿಯ ಮೇಲಿರುತ್ತದೆ. ಕುಲುಮೆ ಎಷ್ಟು ಬಿಸಿಯಾದೀತು, ಇದ್ದಿಲು ಸಾಕೇ, ಗಾಳಿ ಎಲ್ಲಿಂದ ಊದಬೇಕು ಎಂಬುದೇ ಚಿಂತೆ. ಒಂದು ಬಕೆಟ್ಟು, ಒಂದು ಮೂಸೆ, ಒಂದಿಷ್ಟು ಇದ್ದಿಲು ಇದ್ದರೆ ಅಲ್ಯುಮಿನಿಯಂ ಕರಗಿಯೇ ಕರಗುತ್ತದೆ. ಕೆಲಸ ಕೆಡುವುದು ಆಮೇಲೆ, ಮೂಸೆಯಿಂದ ಅಚ್ಚಿಗೆ ಇಳಿದ ಲೋಹ ಗಟ್ಟಿಯಾಗುವ ಒಂದೆರಡು ನಿಮಿಷದಲ್ಲಿ. ಎರಕದ ವಿಜ್ಞಾನದಲ್ಲಿ ಹೆಚ್ಚಿನ ಪಾಲು ಈ ಆರುವಿಕೆಯದೇ. ಈ ಅಧ್ಯಾಯದ ಹೆಚ್ಚಿನ ಪುಟಗಳೂ ಅದಕ್ಕೇ ಮೀಸಲು.

ಕೆಜಿಎಫ್‌ ಎಂದೊಡನೆ ನೆನಪಾಗುವುದು ಸುರಂಗ. 1875ರಲ್ಲಿ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ ಎಂಬ ಐರಿಶ್ ನಿವೃತ್ತ ಸೈನಿಕ ಪರವಾನಗಿ ಪಡೆದ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಳ ಆಡಳಿತ ಹಿಡಿಯಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂತು. ಚಾಂಪಿಯನ್ ರೀಫ್ ಗಣಿ ನೆಲದೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಈ ಕಥೆಯಲ್ಲಿ ಮರೆಯಾಗುವ ಜಾಗವೊಂದಿದೆ: ಚಿನ್ನ ಕರಗಿಸುವ ಕೋಣೆ. ಅದಿರನ್ನು ಪುಡಿಮಾಡಿ, ಮೊದಲ ದಿನಗಳಲ್ಲಿ ಪಾದರಸದಿಂದಲೂ ಆಮೇಲೆ ಸೈನೈಡ್ ದ್ರಾವಣದಿಂದಲೂ ಚಿನ್ನವನ್ನು ಹಿಡಿಯುತ್ತಿದ್ದರು. ಸೈನೈಡಿನಲ್ಲಿ ಕರಗಿದ ಚಿನ್ನವನ್ನು ಸತು ಹಾಕಿ ಹೊರಗೆಳೆಯುತ್ತಿದ್ದರು. ಕೊನೆಗೆ ಉಳಿಯುವುದು ಕಪ್ಪು ಕೆಸರಿನಂಥದ್ದು. ಅದನ್ನು ಬಿಳಿಗಾರದ ಜತೆ ಮೂಸೆಗೆ ಹಾಕಿ ಕರಗಿಸಿದರೆ ಕಸವೆಲ್ಲ ಬಿಳಿಗಾರದೊಡನೆ ಗಾಜಿನಂಥ ಕಿಟ್ಟವಾಗಿ ಮೇಲೆ ತೇಲುತ್ತದೆ, ಭಾರವಾದ ಚಿನ್ನ ತಳಕ್ಕಿಳಿಯುತ್ತದೆ. ನೂರಿಪ್ಪತ್ತು ವರ್ಷಗಳಲ್ಲಿ ಇಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ಅಷ್ಟನ್ನೂ ಒಂದೇ ಅಚ್ಚಿಗೆ ಹೊಯ್ದರೆ ಉದ್ದ, ಅಗಲ, ಎತ್ತರ ಮೂರೂ ಮೂರೂವರೆ ಮೀಟರ್ ಇರುವ ಗಟ್ಟಿಯೊಂದಾಗುತ್ತದೆ. ರಾಬರ್ಟ್‌ಸನ್‌ಪೇಟೆಯ ಸಾಧಾರಣ ಮನೆಯ ಒಂದು ಕೋಣೆ ಅದಕ್ಕೆ ಸಾಕು.

ಹವ್ಯಾಸಿ ಮೊದಲು ತಿಳಿಯಬೇಕಾದ ಪಾಠವೊಂದು ಈ ಚಿನ್ನದಲ್ಲೇ ಇದೆ. ಚಿನ್ನ ಕರಗುವುದು 1,064 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಲ್ಯುಮಿನಿಯಂ 660ರಲ್ಲಿ. ಹಾಗಾದರೆ ಒಂದು ಕಿಲೋ ಕರಗಿಸಲು ಯಾವುದಕ್ಕೆ ಹೆಚ್ಚು ಶಾಖ ಬೇಕು? ಚಿನ್ನಕ್ಕೆ ಎಂದು ಯಾರಿಗಾದರೂ ಅನಿಸುತ್ತದೆ. ಲೆಕ್ಕ ಹಾಕಿದರೆ ಚಿನ್ನಕ್ಕೆ ಸುಮಾರು 210 ಕಿಲೋಜೂಲ್, ಅಲ್ಯುಮಿನಿಯಮ್ಮಿಗೆ ಸಾವಿರಕ್ಕೂ ಹೆಚ್ಚು! ಐದು ಪಟ್ಟು. ಚಿನ್ನದ ಪರಮಾಣು ಅಲ್ಯುಮಿನಿಯಂ ಪರಮಾಣುವಿಗಿಂತ ಏಳು ಪಟ್ಟು ಭಾರ. ಹಾಗಾಗಿ ಒಂದು ಕಿಲೋ ಅಲ್ಯುಮಿನಿಯಮ್ಮಿನಲ್ಲಿ ಏಳು ಪಟ್ಟು ಹೆಚ್ಚು ಪರಮಾಣುಗಳಿರುತ್ತವೆ. ಒಂದು ಡಿಗ್ರಿ ಬಿಸಿಯೇರಲು ಯಾವ ಲೋಹದ ಪರಮಾಣುವಾದರೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಶಾಖ ಕೇಳುತ್ತದೆ ಎಂದು ಡ್ಯೂಲಾಂಗ್ ಮತ್ತು ಪೆಟಿ ಎಂಬ ಫ್ರೆಂಚ್ ವಿಜ್ಞಾನಿಗಳು 1819ರಲ್ಲೇ ಕಂಡುಕೊಂಡಿದ್ದರು. ಅಂಗಡಿಯ ಮೂಲೆಯಲ್ಲಿ ಕೂತ ಅಕ್ಕಸಾಲಿಗ ಊದುಗೊಳವೆಯ ಪುಟ್ಟ ಜ್ವಾಲೆಯಲ್ಲಿ ಚಿನ್ನ ಕರಗಿಸುವುದು ಇದರಿಂದಲೇ ಸಾಧ್ಯ. ಅಷ್ಟೇ ತೂಕದ ಅಲ್ಯುಮಿನಿಯಂ ಬೆಂಕಿಯ ಮೇಲೆ ಬಹಳ ಹೊತ್ತು ಸುಮ್ಮನೆ ಕೂತಿರುತ್ತದೆ. ಅದು ಕರಗುತ್ತಿಲ್ಲವೆಂದು ಗಾಬರಿಯಾಗಿ ಬೆಂಕಿ ಜೋರು ಮಾಡುವ ಅಗತ್ಯವಿಲ್ಲ. ಶಾಖ ಒಳಗೆ ಸೇರುತ್ತಲೇ ಇದೆ.

ಆದರೂ ಅಲ್ಯುಮಿನಿಯಂ ಎರಡನೆಯ ಮೆಟ್ಟಿಲು. ಮೊದಲನೆಯದು ತವರ. ಬೀದಿಬೀದಿಗೆ ಬಂದು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರನ್ನು ನೋಡಿದವರಿಗೆ ಈ ಲೋಹ ಗೊತ್ತು. ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿ, ತವರದ ಕಡ್ಡಿ ತಾಗಿಸಿ, ಹತ್ತಿಯಲ್ಲಿ ಒರೆಸಿದೊಡನೆ ಒಳಮೈಯೆಲ್ಲ ಬೆಳ್ಳಗೆ ಮಿಂಚುತ್ತಿತ್ತು. ತವರ 232 ಡಿಗ್ರಿಯಲ್ಲೇ ಕರಗುತ್ತದೆ. ಕಬ್ಬಿಣದ ಸೌಟು, ಸಣ್ಣ ಒಲೆ ಸಾಕು (ಆ ಸೌಟು ಮತ್ತೆ ಅಡುಗೆಮನೆಗೆ ಹೋಗಬಾರದು). ಶುದ್ಧ ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ಬಗ್ಗಿಸಿ ನೋಡಿ, ಕಿರ್ರ್ ಎಂಬ ಸದ್ದು ಬರುತ್ತದೆ. ಒಳಗಿನ ಹರಳುಗಳು ದಿಕ್ಕು ಬದಲಿಸಿ ಮಡಚಿಕೊಳ್ಳುವ ಸದ್ದು ಅದು. ಗಟ್ಟಿ ಲೋಹವೆಂದರೆ ಹರಳುಗಳ ರಾಶಿ ಎಂಬುದನ್ನು ಕಿವಿಯಿಂದಲೇ ತಿಳಿಯುವ ಅವಕಾಶ ಬೇರೆ ಲೋಹಗಳಲ್ಲಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ತವರಕ್ಕೆ ಅಚ್ಚಾಗಿ ಬಳಪದ ಕಲ್ಲು ಬಳಸಬಹುದು. ಹೊಯ್ಸಳರ ಶಿಲ್ಪಿಗಳು ಬೇಲೂರು, ಹಳೇಬೀಡುಗಳಲ್ಲಿ ಕೆತ್ತಿದ ಕಲ್ಲಿನ ಜಾತಿಯೇ ಇದು. ಮೊಳೆಯಿಂದ ಕೆರೆದರೂ ಗೀರು ಬೀಳುವಷ್ಟು ಮೆತ್ತಗಿದ್ದು, ಬಿಸಿಯನ್ನೂ ತಾಳುತ್ತದೆ. ಚಪ್ಪಟೆ ತುಂಡೊಂದರಲ್ಲಿ ಎಲೆಯನ್ನೋ ಮೀನನ್ನೋ ಕೆತ್ತಿ, ಕಲ್ಲನ್ನು ನಿಧಾನಕ್ಕೆ ಕಾಯಿಸಿ ಪಸೆ ಆರಿಸಿ, ಕರಗಿದ ತವರ ಸುರಿಯಿರಿ. ತಣ್ಣನೆಯ ಕಲ್ಲಿಗೆ ಸುರಿದರೆ ಲೋಹ ಮೂಲೆಗಳನ್ನು ತಲುಪುವ ಮೊದಲೇ ನಿಂತುಬಿಡುತ್ತದೆ. ಕಲ್ಲು ಬಿಸಿಯಿದ್ದರೆ ಎಲೆಯ ನರವೂ ಮೂಡುತ್ತದೆ. ಆರುವಿಕೆಯನ್ನು ಹಿಡಿತಕ್ಕೆ ತರುವ ಮೊದಲ ಅಭ್ಯಾಸ ಇದು.

ತವರ ಸಿಗಲಿಲ್ಲವೆಂದು ಸೀಸಕ್ಕೆ ಕೈಹಾಕಬೇಡಿ. ಹಳೇ ಬ್ಯಾಟರಿಯ ಫಲಕಗಳು ಕೈಗೆಟಕುವಂತಿರುತ್ತವೆ, 327 ಡಿಗ್ರಿಗೆ ಕರಗುತ್ತವೆ. ಆಸೆ ಹುಟ್ಟಿಸಲು ಅಷ್ಟು ಸಾಕು. ಆದರೆ ಅದರ ಹೊಗೆ ಮತ್ತು ದೂಳು ಬಟ್ಟೆಗೆ, ಅಂಗಳದ ಮಣ್ಣಿಗೆ, ಕೊನೆಗೆ ಮಕ್ಕಳ ಬಾಯಿಗೆ ಸೇರುತ್ತದೆ. ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ಮತ್ತೆ ಸರಿಹೋಗುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಜೀವರಸಾಯನ ವಿಜ್ಞಾನಿ ತುಪ್ಪಿಲ್ ವೆಂಕಟೇಶ್ ಈ ವಿಷದ ವಿರುದ್ಧವೇ ದಶಕಗಳ ಕಾಲ ಕೆಲಸ ಮಾಡಿದರು. ಗಣಿಗಳಲ್ಲಿ ಸೀಸ ಬಳಸುತ್ತಿದ್ದುದು ಅದಿರಿನ ಪರೀಕ್ಷೆಗೆ. ಪುಡಿಮಾಡಿದ ಅದಿರನ್ನು ಸೀಸದ ಆಕ್ಸೈಡಿನೊಡನೆ ಕರಗಿಸಿದರೆ ಕೆಳಗಿಳಿಯುವ ಸೀಸ ಚಿನ್ನವನ್ನೆಲ್ಲ ತನ್ನೊಳಗೆ ಎಳೆದುಕೊಳ್ಳುತ್ತದೆ. ಆ ಸೀಸದ ಗುಂಡಿಯನ್ನು ಮೂಳೆಬೂದಿಯ ಬಟ್ಟಲಲ್ಲಿಟ್ಟು ಮತ್ತೆ ಕಾಯಿಸಿದಾಗ ಸೀಸವೆಲ್ಲ ಆಕ್ಸೈಡಾಗಿ ಬಟ್ಟಲಿಗೆ ಇಂಗಿಹೋಗಿ, ಗುಂಡುಸೂಜಿಯ ತಲೆಯಷ್ಟು ದೊಡ್ಡ ಮಣಿ ಉಳಿಯುತ್ತದೆ. ಅದು ಚಿನ್ನ, ಜತೆಗೆ ಬೆಳ್ಳಿ. ನೈಟ್ರಿಕ್ ಆಮ್ಲ ಬೆಳ್ಳಿಯನ್ನು ತಿಂದು ಹಾಕುತ್ತದೆ, ಉಳಿದದ್ದನ್ನು ತೂಗುತ್ತಾರೆ. ಅದ್ಭುತವಾದ ವಿಧಾನ, ಆದರೆ ಹೊಗೆ ಹೀರುವ ವ್ಯವಸ್ಥೆಯಿರುವ ಪ್ರಯೋಗಾಲಯಕ್ಕೇ ಅದನ್ನು ಬಿಡಬೇಕು.

ಅಲ್ಯುಮಿನಿಯಂ ಮಾಲು ಬಂಗಾರಪೇಟೆಯಂಥ ಊರಿನಲ್ಲಿ ಗುಜರಿ ಅಂಗಡಿಯಿಂದಲೇ ಬರಬೇಕು. ಅಲ್ಲಿ ಆರಿಸುವುದೂ ವಿಜ್ಞಾನವೇ. ತಂಪು ಪಾನೀಯದ ಡಬ್ಬಿಗಳು ಬೇಡ. ಅವುಗಳ ತೆಳು ತಗಡಿನಲ್ಲಿ ಲೋಹದ ಪ್ರಮಾಣಕ್ಕೆ ಆಕ್ಸೈಡು, ಬಣ್ಣ ಹೆಚ್ಚು, ಕಿಟ್ಟವೇ ಬರುತ್ತದೆ. ಕಿಟಕಿಯ ಚೌಕಟ್ಟೂ ಎರಕಕ್ಕೆ ಚೆನ್ನಾಗಿ ಹರಿಯುವುದಿಲ್ಲ. ಹಳೇ ಪಿಸ್ಟನ್ ಕೇಳಿ ತೆಗೆದುಕೊಳ್ಳಿ. ಅದನ್ನು ಮೊದಲೇ ಎರಕ ಹೊಯ್ದು ಮಾಡಿರುತ್ತಾರೆ, ಅದರಲ್ಲಿ ಶೇಕಡಾ 12ರ ಆಸುಪಾಸು ಸಿಲಿಕಾನ್ ಇರುತ್ತದೆ. ಅಷ್ಟು ಸಿಲಿಕಾನ್ ಬೆರೆತಾಗ ಮಿಶ್ರಣ 577 ಡಿಗ್ರಿಗೇ ಕರಗಿ, ಅಚ್ಚಿನ ಸಂದುಗೊಂದುಗಳಿಗೆ ಸಲೀಸಾಗಿ ಇಳಿಯುತ್ತದೆ. ಶಾಕ್ ಅಬ್ಸಾರ್ಬರಿನಂಥ ಮುಚ್ಚಿದ ಕೊಳವೆಗಳನ್ನು ಯಾವತ್ತೂ ಮೂಸೆಗೆ ಹಾಕಬಾರದು, ಒಳಗಿನ ಎಣ್ಣೆ, ಗಾಳಿ ಸಿಡಿಯುತ್ತದೆ. ಕೆಲವು ಎಂಜಿನ್ ಕವಚಗಳು ಮೆಗ್ನೀಸಿಯಮ್ಮಿನವು. ಅದಕ್ಕೆ ಬೆಂಕಿ ಹತ್ತಿದರೆ ನೀರು ಸುರಿದಷ್ಟೂ ಉರಿ ಹೆಚ್ಚುತ್ತದೆ. ಹಿತ್ತಾಳೆ ಸದ್ಯಕ್ಕೆ ಬೇಡ. ಅದರೊಳಗಿನ ಸತು 907 ಡಿಗ್ರಿಗೆ ಕುದಿದು ಬಿಳಿ ಹೊಗೆಯಾಗುತ್ತದೆ. ಅದನ್ನು ಕುಡಿದವರಿಗೆ ಅಂದು ರಾತ್ರಿ ಚಳಿಜ್ವರ. ಸತು ಲೇಪಿಸಿದ ಜಿಐ ಪೈಪು, ಬಕೆಟ್ಟುಗಳನ್ನು ಕುಲುಮೆಗೆ ಬಳಸಬಾರದೆಂಬುದೂ ಇದೇ ಕಾರಣಕ್ಕೆ. ಇನ್ನು ಮುಚ್ಚಿದ ಗಣಿಯ ಅಂಗಳದಿಂದ ಕಬ್ಬಿಣ, ತಾಮ್ರ ತರುವ ಮಾತೇ ಬೇಡ. ಅದು ಕಳವು, ಜತೆಗೆ ಪಾಳುಬಿದ್ದ ಸುರಂಗಗಳ ಕೆಟ್ಟ ಗಾಳಿ ಜೀವ ತೆಗೆಯುತ್ತದೆ.

ಕುಲುಮೆಗೆ ಹಳೇ ಪೇಂಟ್ ಡ್ರಮ್ಮು, ಒಳಗೆ ನಾಲ್ಕು ಬೆರಳು ದಪ್ಪ ಜೇಡಿಮಣ್ಣಿನ ಲೇಪ, ಬುಡದಲ್ಲಿ ಗಾಳಿ ಊದಲು ಒಂದು ಕಬ್ಬಿಣದ ಕೊಳವೆ. ತಿದಿಯ ಜಾಗದಲ್ಲಿ ಈಗ ಸಣ್ಣ ಬ್ಲೋಯರ್. ಮಣ್ಣಿಗೆ ಭತ್ತದ ಹೊಟ್ಟು ಧಾರಾಳವಾಗಿ ಬೆರೆಸಿ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಹಿಂದಿನವರು ಉಕ್ಕು ತಯಾರಿಸಿದ ಮೂಸೆಗಳ ಚೂರು ಇಂದಿಗೂ ಸಿಗುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವುಗಳ ಮಣ್ಣಿನ ತುಂಬ ಭತ್ತದ ಹೊಟ್ಟಿನ ಗುರುತುಗಳು. ಹೊಟ್ಟು ಸುಟ್ಟುಹೋದಲ್ಲಿ ಗಾಳಿಯ ಪುಟ್ಟ ಗೂಡುಗಳು ಉಳಿದು ಶಾಖ ಹೊರಹೋಗದಂತೆ ತಡೆಯುತ್ತವೆ. ಅದರ ಬೂದಿಯಲ್ಲಿ ಹೆಚ್ಚಿನದು ಸಿಲಿಕಾ. ಅದು ಸುಲಭಕ್ಕೆ ಕರಗುವುದಿಲ್ಲ. ಬೆಂಕಿ ತಾಳುವ ಇಟ್ಟಿಗೆಯ ತತ್ವವನ್ನು ಆ ಕುಶಲಕರ್ಮಿಗಳು ಗದ್ದೆಯಿಂದ ಸಿಕ್ಕ ವಸ್ತುವಿನಲ್ಲೇ ಸಾಧಿಸಿದ್ದರು. ಅವರ ಜಾಣ್ಮೆ ನಮ್ಮ ಶಾಲೆಯ ಪಠ್ಯದಲ್ಲಿ ಇನ್ನೂ ತಕ್ಕ ಜಾಗ ಪಡೆದಿಲ್ಲ, ಪಡೆಯಲೇಬೇಕು. ಮೂಸೆಯನ್ನು ಮಾತ್ರ ಕೊಳ್ಳುವುದು ಕ್ಷೇಮ. ಬೆಂಗಳೂರಿನ ನಗರ್ತಪೇಟೆಯ ಕಡೆ ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಗಳಲ್ಲಿ ಗ್ರಾಫೈಟ್ ಮೂಸೆ, ಉದ್ದ ಇಕ್ಕಳ ಸಿಗುತ್ತವೆ. ಕಬ್ಬಿಣದ ಡಬ್ಬಿಯಲ್ಲಿ ಕರಗಿಸಿದರೆ ಅಲ್ಯುಮಿನಿಯಂ ಕಬ್ಬಿಣವನ್ನೇ ಮೆಲ್ಲಮೆಲ್ಲನೆ ತಿಂದು ಒಂದು ದಿನ ತಳ ಕಳಚುತ್ತದೆ.

ಈಗ ನೀರಿನ ಮಾತು. ಒಂದು ಹನಿ ನೀರು ಆವಿಯಾದರೆ 1,600 ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಆ ಹನಿ ಕರಗಿದ ಲೋಹದಡಿ ಸಿಕ್ಕಿಕೊಂಡಿದ್ದರೆ ತನ್ನ ಮೇಲಿರುವ ಲೋಹವನ್ನು ಎಸೆದು ದಾರಿ ಮಾಡಿಕೊಳ್ಳುತ್ತದೆ. ಹನಿ ಎಲ್ಲಿಂದ ಬಂದೀತು? ರಾತ್ರಿಯ ಇಬ್ಬನಿ ಕೂತ ಲೋಹದ ತುಂಡಿನಿಂದ, ಕಾಯಿಸದೆ ಮುಳುಗಿಸಿದ ಸೌಟಿನಿಂದ, ಬೆವರಿದ ಹಣೆಯಿಂದ. ಕಾಂಕ್ರೀಟ್ ನೆಲದೊಳಗೂ ತೇವವಿರುತ್ತದೆ, ಬಿಸಿ ಲೋಹ ಚೆಲ್ಲಿದರೆ ನೆಲವೇ ಚೂರಾಗಿ ಸಿಡಿಯುತ್ತದೆ. ಹಾಗಾಗಿ ಕೆಲಸ ಬಯಲಿನಲ್ಲಿ, ಒಣಮರಳು ಹಾಸಿದ ನೆಲದ ಮೇಲೆ ನಡೆಯಬೇಕು. ಮೂಸೆಗೆ ಹಾಕುವ ಪ್ರತಿಯೊಂದು ತುಂಡೂ, ಪ್ರತಿಯೊಂದು ಉಪಕರಣವೂ ಮೊದಲು ಕುಲುಮೆಯ ಅಂಚಿನಲ್ಲಿ ಕಾದಿರಬೇಕು. ಮೈಮೇಲೆ ಹತ್ತಿ ಬಟ್ಟೆ, ಮುಖಕ್ಕೆ ಕವಚ, ಕಾಲಿಗೆ ಚರ್ಮದ ಬೂಟು, ಪ್ಯಾಂಟು ಬೂಟಿನ ಮೇಲೆ ಇಳಿಬಿದ್ದಿರಬೇಕು. ಬೆಂಕಿ ಆರಿಸಲು ಪಕ್ಕದಲ್ಲಿ ಒಣಮರಳಿನ ಬಕೆಟ್ಟು. ಇನ್ನೊಂದು ಎಚ್ಚರ ಅಲ್ಯುಮಿನಿಯಮ್ಮಿಗೇ ವಿಶೇಷವಾದದ್ದು: ಹಗಲಿನಲ್ಲಿ ಅದು 700 ಡಿಗ್ರಿಯಲ್ಲೂ ಕೆಂಪಗೆ ಕಾಣುವುದಿಲ್ಲ. ಈಗಷ್ಟೇ ಹೊಯ್ದ ತುಂಡೂ ನಿನ್ನೆಯ ತುಂಡೂ ಒಂದೇ ಬೆಳ್ಳಿಬಣ್ಣ. ಕೈಹಾಕುವ ಮೊದಲು ಎಲ್ಲವೂ ಬಿಸಿಯಿದೆ ಎಂದೇ ತಿಳಿಯಿರಿ.

ಹಾಗಿದ್ದರೆ ಎರಕದ ಮರಳಿಗೆ ನೀರು ಏಕೆ ಹಾಕುತ್ತಾರೆ? ನೂರು ಪಾಲು ಸಣ್ಣ ಮರಳಿಗೆ ಎಂಟು ಹತ್ತು ಪಾಲು ಜೇಡಿ, ನಾಲ್ಕೈದು ಪಾಲು ನೀರು. ಜೇಡಿಯಾಗಿ ಅರ್ತಿಂಗ್ ಗುಂಡಿಗೆ ಹಾಕುವ ಬೆಂಟೊನೈಟ್ ಪುಡಿ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ನೀರು ಜೇಡಿಯ ಹಾಳೆಗಳ ನಡುವೆ ಸೇರಿ ಮರಳಿನ ಕಣಗಳನ್ನು ಅಂಟಿಸುತ್ತದೆ. ಬಿಸಿ ಲೋಹ ತಾಗಿದಾಗ ಹುಟ್ಟುವ ಆವಿ ಕಣಗಳ ಸಂದಿನಿಂದ ಹೊರಹೋಗುತ್ತದೆ. ಅಪಾಯವಿರುವುದು ಆವಿ ಸಿಕ್ಕಿಹಾಕಿಕೊಂಡಾಗ. ಆದ್ದರಿಂದ ಮರಳನ್ನು ಅತಿಯಾಗಿ ನೆನೆಸಬಾರದು, ಕಲ್ಲಿನಂತೆ ಬಡಿಯಲೂಬಾರದು, ತಂತಿಯಿಂದ ಚುಚ್ಚಿ ಆವಿಗೆ ದಾರಿ ಬಿಡಬೇಕು. ಹದ ನೋಡುವುದು ಮುಷ್ಟಿಯಿಂದ. ಹಿಡಿ ಮರಳನ್ನು ಒತ್ತಿ ಬಿಟ್ಟಾಗ ಬೆರಳಿನ ಗುರುತು ಉಳಿಯಬೇಕು, ಕೈಗೆ ಅಂಟಬಾರದು, ಮುರಿದರೆ ಅಂಚು ಉದುರದೆ ನಿಲ್ಲಬೇಕು.

ಕೆಜಿಎಫ್‌ನವರಿಗೆ ಒಂದು ಮಾತು ಹೇಳಲೇಬೇಕು. ಊರ ಸುತ್ತಲಿನ ಸೈನೈಡ್ ಗುಡ್ಡಗಳ ಮಣ್ಣು ಹಿಟ್ಟಿನಷ್ಟು ನಯ, ಎರಕಕ್ಕೆ ಹೇಳಿಮಾಡಿಸಿದ್ದು ಅನಿಸುತ್ತದೆ. ಅದನ್ನು ಮುಟ್ಟಬೇಡಿ. ಅದು ಅದಿರಿನಿಂದ ಚಿನ್ನ ತೆಗೆದು ಬಿಸಾಡಿದ, ರಾಸಾಯನಿಕ ಕುಡಿದ ಕಲ್ಲಿನ ಪುಡಿ. ಅದರಲ್ಲಿರುವ ಬೆಣಚುಕಲ್ಲಿನ ನುಣುಪು ದೂಳು ಶ್ವಾಸಕೋಶಕ್ಕೆ ಇಳಿದರೆ ಹೊರಬರುವುದಿಲ್ಲ. 1940ರ ದಶಕದಲ್ಲಿ ಇಲ್ಲಿನ ಕಾರ್ಮಿಕರನ್ನು ತಪಾಸಣೆ ಮಾಡಿದಾಗ ಸಾವಿರಾರು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತ್ತು. ಈ ಊರಿನ ಎಷ್ಟೋ ಮನೆಗಳ ಹಿರಿಯರು ಆ ಕೆಮ್ಮಿನಲ್ಲೇ ಹೋದರು. ಕಟ್ಟಡದ ಮರಳನ್ನು ಜರಡಿ ಹಿಡಿಯುವಾಗಲೂ ಮೂಗಿಗೆ ಒಳ್ಳೆಯ ಮಾಸ್ಕ್ ಇರಲಿ.

ಮರಳಿನ ಅಚ್ಚಿಗೆ ಮೇಲೊಂದು, ಕೆಳಗೊಂದು ಮರದ ಪೆಟ್ಟಿಗೆ, ನಡುವೆ ಮರದ ಮಾದರಿ. ಮಾದರಿ ಹೊರತೆಗೆದ ಜಾಗವೇ ಅಚ್ಚು. ಬಿಡಿಸಿ ತೆಗೆಯಲಾಗದ ವಿಗ್ರಹಗಳಿಗೆ ಮೇಣದ ದಾರಿ: ಮೇಣದಲ್ಲಿ ರೂಪ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಪೊಳ್ಳಿಗೆ ಲೋಹ ಹೊಯ್ಯುವುದು. ಮಂಡ್ಯ ಜಿಲ್ಲೆಯ ನಾಗಮಂಗಲದ ಶಿಲ್ಪಿಗಳು ಇದಕ್ಕೆ ಹೆಸರಾದವರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಈ ಕ್ರಮದ ವಿವರಗಳಿವೆ. ಎಷ್ಟು ಲೋಹ ಬೇಕೆಂಬ ಲೆಕ್ಕವೂ ಇದೆ: ಮೇಣದ ತೂಕದ 12 ಪಟ್ಟು ಬೆಳ್ಳಿ, 16 ಪಟ್ಟು ಚಿನ್ನ. ಸಾಂದ್ರತೆಯಿಂದ ಲೆಕ್ಕ ಹಾಕಿದರೆ ಬೆಳ್ಳಿಗೆ 11 ಬರುತ್ತದೆ, ಉಳಿದ ಒಂದು ಪಾಲು ಹೊಯ್ಯುವ ಕಾಲುವೆಗೆ, ಚೆಲ್ಲುವುದಕ್ಕೆ. ಅಪ್ಪಟ ಚಿನ್ನಕ್ಕೆ 20 ಬರಬೇಕು. 16 ಎಂದರೆ ತಾಮ್ರವೋ ಬೆಳ್ಳಿಯೋ ಬೆರೆತ ಚಿನ್ನದ ಲೆಕ್ಕವಿರಬೇಕು ಎಂದು ನನ್ನ ಊಹೆ.

ಕೊನೆಗೂ ಲೋಹ ಅಚ್ಚಿಗೆ ಇಳಿಯಿತು. ಏನಾಗುತ್ತದೆ? ತೆರೆದ ಅಚ್ಚೊಂದನ್ನು ಹತ್ತಿರದಿಂದ, ಮುಖಕವಚದ ಹಿಂದಿನಿಂದ ನೋಡಿ. ಮೊದಲು ಕನ್ನಡಿಯಂಥ ಮೈ. ಅಂಚು ಮಂಕಾಗುತ್ತದೆ, ಮಂಕು ಒಳಗೆ ಸರಿಯುತ್ತ ಬರುತ್ತದೆ. ಕೆಲವೊಮ್ಮೆ ಮೇಲ್ಮೈಯಲ್ಲಿ ಜರಿಗಿಡದ ಎಲೆಯಂಥ ಗೆರೆಗಳು ಕವಲೊಡೆಯುತ್ತವೆ. ಹರಳುಗಳು ಬೆಳೆಯುವುದು ಹೀಗೆ: ಗೋಡೆಯ ತಂಪಿನಿಂದ ಹೊರಟು, ದ್ರವದೊಳಕ್ಕೆ ಕೊಂಬೆ ಚಾಚುತ್ತ. ಕೊನೆಗೆ ನಡುವೆ ಉಳಿದ ಪುಟ್ಟ ಹೊಳಪಿನ ಮಡು ತಟ್ಟನೆ ಕೆಳಗೆ ಕುಸಿದು ಗುಳಿಯಾಗುತ್ತದೆ. ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ. ಲೋಹಗಳಲ್ಲಿ ಬಿಸ್ಮತ್‌ನಂಥ ಕೆಲವನ್ನು ಬಿಟ್ಟರೆ ಉಳಿದವು ಕುಗ್ಗುತ್ತವೆ. ಶುದ್ಧ ಅಲ್ಯುಮಿನಿಯಂ ಶೇಕಡಾ ಆರೇಳರಷ್ಟು ಕುಗ್ಗುತ್ತದೆ. ಆ ಕೊರತೆ ಎಲ್ಲಾದರೂ ಕಾಣಿಸಲೇಬೇಕು. ಕೊನೆಗೆ ಆರುವ ಜಾಗದಲ್ಲಿ ಕಾಣಿಸುತ್ತದೆ.

ಹಾಗಾದರೆ ಕೊನೆಗೆ ಆರುವ ಜಾಗ ನಮ್ಮ ವಸ್ತುವಿನ ಹೊರಗೆ ಇರುವಂತೆ ಮಾಡಿದರೆ? ಫೌಂಡ್ರಿಯವರು ರೈಸರ್ ಎನ್ನುವುದು ಅದಕ್ಕೇ. ಅಚ್ಚಿನ ಪಕ್ಕದಲ್ಲೋ ಮೇಲೋ ದಪ್ಪನೆಯ ಒಂದು ಬಾವಿ. ವಸ್ತು ಕುಗ್ಗುತ್ತಿದ್ದಂತೆ ಬಾವಿಯ ದ್ರವ ಅದಕ್ಕೆ ಇಳಿಯುತ್ತದೆ, ಗುಳಿ ಬಾವಿಯಲ್ಲೇ ಬೀಳುತ್ತದೆ, ಆಮೇಲೆ ಕೊಯ್ದು ಬಿಸಾಡಿದರಾಯಿತು. ಬಾವಿ ಎಷ್ಟು ದಪ್ಪವಿರಬೇಕು? ಜೆಕ್ ಎಂಜಿನಿಯರ್ ನಿಕೊಲಾಯ್ ಖ್ವೊರಿನೊವ್ 1940ರಲ್ಲಿ ಇದಕ್ಕೆ ಸರಳ ನಿಯಮ ಕೊಟ್ಟರು: ಆರಲು ಹಿಡಿಯುವ ಹೊತ್ತು, ಗಾತ್ರವನ್ನು ಮೇಲ್ಮೈಯಿಂದ ಭಾಗಿಸಿ ಬಂದದ್ದರ ವರ್ಗಕ್ಕೆ ತಕ್ಕಂತೆ. ಅಂದರೆ ಐದು ಮಿಲಿಮೀಟರ್ ಹಲಗೆಗಿಂತ ಹತ್ತು ಮಿಲಿಮೀಟರ್ ಹಲಗೆಗೆ ನಾಲ್ಕು ಪಟ್ಟು ಹೊತ್ತು. ಬೆಳಗಾವಿಯ ದೊಡ್ಡ ಫೌಂಡ್ರಿಗಳಿಗೂ ನಿಮ್ಮ ಹಿತ್ತಲಿಗೂ ನಿಯಮ ಅದೇ. ತೆಳುವಾದ ಭಾಗಕ್ಕೆ ದಪ್ಪ ಭಾಗದ ಮೂಲಕ ಲೋಹ ಸಿಗುವಂತೆ, ದಪ್ಪ ಭಾಗಕ್ಕೆ ಅದಕ್ಕೂ ದಪ್ಪನೆಯ ರೈಸರಿನಿಂದ ಸಿಗುವಂತೆ ಮಾದರಿಯನ್ನು ಜೋಡಿಸಿ.

ಕುಗ್ಗುವಿಕೆಯ ಜತೆ ಅನಿಲದ ಕಾಟವೂ ಇದೆ. ತೇವ ಎಲ್ಲೇ ಇರಲಿ, ಕರಗಿದ ಅಲ್ಯುಮಿನಿಯಂ ಅದರ ಆಕ್ಸಿಜನ್ ಕಿತ್ತುಕೊಂಡು ಹೈಡ್ರೊಜನ್ನನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ದ್ರವದಲ್ಲಿ ಹಿಡಿಯುವ ಹೈಡ್ರೊಜನ್ನಿನ ಇಪ್ಪತ್ತನೇ ಒಂದು ಪಾಲು ಮಾತ್ರ ಗಟ್ಟಿಯಲ್ಲಿ ಹಿಡಿಯುತ್ತದೆ. ಮಿಕ್ಕದ್ದು ಆರುವ ಹೊತ್ತಿಗೆ ಗುಳ್ಳೆಗಳಾಗಿ ಸಿಕ್ಕಿಬೀಳುತ್ತದೆ. ಬಿಸಿ ಹೆಚ್ಚಿದಷ್ಟೂ, ಕಲಕಿದಷ್ಟೂ ಅನಿಲ ಹೆಚ್ಚು. ಆದ್ದರಿಂದ ಕರಗಿದ ಮೇಲೆ ಕಾಯಿಸುತ್ತ ಕೂರದೆ, ಕಿಟ್ಟ ತೆಗೆದು ಕೂಡಲೇ ಹೊಯ್ಯಬೇಕು. ಬೆಳ್ಳಿಗೆ ಈ ಕಾಟ ಆಕ್ಸಿಜನ್ನಿನದು. ಕರಗಿದ ಬೆಳ್ಳಿ ತನ್ನ ಗಾತ್ರದ ಇಪ್ಪತ್ತು ಪಟ್ಟು ಆಕ್ಸಿಜನ್ ಕುಡಿದು, ಆರುವಾಗ ಉಗುಳುತ್ತದೆ. ಅಕ್ಕಸಾಲಿಗರು ಬೆಳ್ಳಿಯ ಮೇಲೆ ಬಿಳಿಗಾರ, ಇದ್ದಿಲ ಪುಡಿ ಹರಡುವುದರಲ್ಲಿ ಈ ತಿಳಿವಳಿಕೆ ಇದೆ.

ಮೊದಲ ಎರಕ ಪೂರ್ತಿ ತಣ್ಣಗಾದ ಮೇಲೆ ಅದನ್ನು ಕಪಾಟಿನಲ್ಲಿ ಇಡಬೇಡಿ. ಹ್ಯಾಕ್ಸಾ ತೆಗೆದುಕೊಂಡು ನಡುವೆ ಕೊಯ್ಯಿರಿ. ಕೊಯ್ದ ಮುಖವನ್ನು ಉಪ್ಪುಕಾಗದದಿಂದ ತಿಕ್ಕಿ ಭೂತಗನ್ನಡಿಯಲ್ಲಿ ನೋಡಿ. ಗುಂಡಗೆ, ನುಣುಪಾದ ಒಳಮೈಯ ತೂತುಗಳಿದ್ದರೆ ಅನಿಲದ್ದು: ಮಾಲು, ಮರಳು ಒಣಗಿಸುವುದರಲ್ಲಿ ಕೊರತೆ, ಇಲ್ಲವೇ ಬಿಸಿ ಹೆಚ್ಚಾಯಿತು. ಅಂಕುಡೊಂಕಾಗಿ, ಒಳಮೈ ತರಿತರಿಯಾಗಿ, ದಪ್ಪ ಭಾಗದ ನಡುವೆಯೇ ಗುಂಪಾಗಿದ್ದರೆ ಕುಗ್ಗಿದ್ದು: ರೈಸರ್ ಸಣ್ಣದಾಯಿತು, ಅಥವಾ ವಸ್ತುವಿಗಿಂತ ಮೊದಲೇ ಆರಿತು. ಎರಡೂ ಇದ್ದರೆ ಮೊದಲು ಅನಿಲದ್ದನ್ನು ಸರಿಪಡಿಸಿ, ರೈಸರನ್ನು ಹಾಗೇ ಬಿಟ್ಟು ಮತ್ತೊಮ್ಮೆ ಹೊಯ್ಯಿರಿ. ಕೊಯ್ದ ಎರಡು ಹೋಳುಗಳನ್ನೂ ಕುಲುಮೆಯ ಅಂಚಿನಲ್ಲಿ ಚೆನ್ನಾಗಿ ಕಾಯಿಸಿ ಅದೇ ಮೂಸೆಗೆ ಹಾಕಬಹುದು.